ಕ್ಯಾಸೆಟ್ಟಿನಲ್ಲಿ ಮೆತ್ತಗಾದ ಅಪ್ಪನ ದನಿ

ಹೊಡೆಯುವ ಮುನ್ನ ಅಪ್ಪ ಮೂಗಿನಿಂದ ಒಂದು ಉಸಿರು ಎಳೆದುಕೊಳ್ಳುತ್ತಿದ್ದ. ಸಣ್ಣ ಸಪ್ಪಳ, ಹಳೆಯ ಬಟ್ಟೆ ಹರಿದ ಹಾಗೆ. ಅದು ಕಿವಿಗೆ ಬಿದ್ದ ಕೂಡಲೇ ಅಕ್ಕ ನನ್ನ ಅಂಗಿ ಹಿಡಿದು ಹಿತ್ತಲಿಗೆ ಎಳೆದುಕೊಂಡು ಓಡುತ್ತಿದ್ದಳು. ಅವ್ವ ಓಡುತ್ತಿರಲಿಲ್ಲ. ಓಡಿದರೆ ಏಟುಗಳು ಹೆಚ್ಚಾಗುತ್ತವೆ ಎಂದು ಅವಳಿಗೆ ಗೊತ್ತಿತ್ತು.

ಆಗ ನಾವಿದ್ದದ್ದು ಹುನಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪ ಇಳಕಲ್ಲಿನ ಕೆಂಪು ಕಲ್ಲಿನ ಕ್ವಾರಿಯಲ್ಲಿ ಕೆಲಸಕ್ಕಿದ್ದ. ದಿನವಿಡೀ ಸುತ್ತಿಗೆ ಹಿಡಿದ ಕೈ ಅದು. ಬೆನ್ನ ಮೇಲೆ ಬಿದ್ದರೆ ಎರಡು ದಿನ ಅಂಗಾತ ಮಲಗಲು ಆಗುತ್ತಿರಲಿಲ್ಲ. ಮೊಹರಂ ಬಂತೆಂದರೆ ಅದೇ ಮನುಷ್ಯ ರಿವಾಯತ್ ಮೇಳದ ಮುಂದೆ ನಿಂತು ಹಾಡುತ್ತಿದ್ದ. ಕರ್ಬಲಾದ ಕಾಳಗದ ಕಥೆಯನ್ನು ನಮ್ಮ ಕಡೆ ಕನ್ನಡದಲ್ಲಿಯೇ ಪದ ಕಟ್ಟಿ ಹಾಡುತ್ತಾರೆ. ಮೇಳದಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಇರುತ್ತಾರೆ. ನೀರಿಲ್ಲದೆ ಒದ್ದಾಡುವ ಮಕ್ಕಳ ಪ್ರಸಂಗವನ್ನು ಅಪ್ಪ ಎತ್ತಿಕೊಂಡರೆ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬಾತ ಕೆನ್ನೆಯ ಮೇಲೆ ಸೆರಗೊತ್ತಿಕೊಂಡು ಅವ್ವನೂ ಅವರ ನಡುವೆ ಅಳುತ್ತಿದ್ದಳು.

ಅಕ್ಕನಿಗೆ ಹನ್ನೊಂದು, ನನಗೆ ಎಂಟು ವರ್ಷವಿದ್ದಾಗ ನಡೆದದ್ದನ್ನು ಹೇಳಿಬಿಡುತ್ತೇನೆ. ಆ ಸಲ ಅಪ್ಪ ಒಂದು ಹೊಸ ಪದ ಕಲಿಯುತ್ತಿದ್ದ. ಅದರಲ್ಲಿ ಒಂದು ಕಡೆ ದನಿ ಮೇಲೇರಬೇಕು. ಅವನಿಗೆ ಅದು ಎಟುಕುತ್ತಿರಲಿಲ್ಲ. ಕೇಳಿ ಕೇಳಿ ಅಕ್ಕನಿಗೆ ಬಾಯಿಪಾಠವಾಗಿತ್ತು. ಹಿತ್ತಲಲ್ಲಿ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಾ ಅದನ್ನು ಹಾಡಿದಳು. ಅಪ್ಪನಿಗೆ ಎಟುಕದ ಜಾಗಕ್ಕೆ ಅವಳ ದನಿ ಮೆಟ್ಟಿಲು ಹತ್ತಿದಷ್ಟು ಸಲೀಸಾಗಿ ಹೋಯಿತು.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಅಪ್ಪಗಿಂತ ಮಗಳ ಚಲೋ ಹಾಡ್ತಾಳ ನೋಡ್ರಿ" ಎಂದಳು.

ಅಪ್ಪ ಒಳಗಿದ್ದ, ನಾನು ಹಿತ್ತಲ ಬಾಗಿಲ ಹತ್ತಿರವಿದ್ದೆ. ನನಗೆ ಆ ಉಸಿರು ಕೇಳಿಸಿತು. ಅಕ್ಕನಿಗೆ ಪಾತ್ರೆಯ ಸದ್ದಿನಲ್ಲಿ ಕೇಳಿಸಲಿಲ್ಲ. ನಾನು ಕೂಗಬಹುದಿತ್ತು, ಕೂಗದೆ ಜೋಳದ ಚೀಲದ ಹಿಂದೆ ಸರಿದೆ. ಅಪ್ಪ ಹಿತ್ತಲಿಗೆ ಬಂದು ಅವಳ ಎಡಗೈಯನ್ನು ಬೆನ್ನ ಹಿಂದಕ್ಕೆ ತಿರುವಿದ. ತಿರುವಿದ ಮೇಲೂ ತಿರುವಿದ. ಮೊಣಕೈ ಮುರಿದ ಸದ್ದು ಒಣ ತೊಗರಿಕಟ್ಟಿಗೆ ಮುರಿದಂತಿತ್ತು. ಅಕ್ಕ ಅಳುವ ಮೊದಲು ಒಂದು ಗಳಿಗೆ ಸುಮ್ಮನೆ ತನ್ನ ಕೈಯನ್ನೇ ನೋಡಿದಳು.

ಎಲುಬು ಕಟ್ಟುವವನ ಹತ್ತಿರ ಅವ್ವ ಹೇಳಿದ್ದು, "ಬಚ್ಚಲದಾಗ ಜಾರಿ ಬಿದ್ದಾಳ್ರಿ" ಎಂದು. ಅವ್ವನೂ ಹೀಗೆಯೇ ಎಷ್ಟೋ ಸಲ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಅಕ್ಕನ ಕೈ ಕೂಡಿಕೊಂಡಿತು, ಆದರೆ ಸೊಟ್ಟಗೆ. ಅವಳು ಮತ್ತೆ ಹಾಡಲಿಲ್ಲ.

ಅವ್ವ ತೀರಿಹೋಗಿ ಈಗ ಬಹಳ ವರ್ಷಗಳಾದವು. ಅಕ್ಕ ಇಳಕಲ್ಲಿನಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಸೀರೆಗಳಿಗೆ ಫಾಲ್ ಹಚ್ಚಿಕೊಡುತ್ತಾಳೆ. ನಾನು ಬಾಗಲಕೋಟೆಯ ನವನಗರದಲ್ಲಿ, ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಅಪ್ಪ ನನ್ನ ಜೊತೆಗಿದ್ದಾನೆ. ಎಪ್ಪತ್ತು ದಾಟಿದೆ, ಎದೆಯಲ್ಲಿ ಕಲ್ಲಿನ ಧೂಳು ತುಂಬಿದೆ, ಕೋಲಿಲ್ಲದೆ ನಡೆಯಲಾರ. ದನಿ ಮಾತ್ರ ಹಾಗೆಯೇ ಉಳಿದಿದೆ.

ಹೋದ ವರ್ಷ ಬೇವೂರಿನ ಮೇಳದ ಇಬ್ಬರು ಹಿರಿಯರು ಮನೆಗೆ ಬಂದರು. ಅಪ್ಪ ಹಾಡುವ ಹಳೆಯ ಧಾಟಿ ಈಗ ಯಾರಿಗೂ ಬರುವುದಿಲ್ಲ, ರೆಕಾರ್ಡ್ ಮಾಡಿಟ್ಟುಕೊಡಿ ಎಂದು ಕೇಳಿದರು. ಮನೆಯಲ್ಲಿ ಭಜನೆಯವರ ಹಾಡು ರೆಕಾರ್ಡ್ ಮಾಡುವ ಹುಚ್ಚು ನನಗೆ ಮೊದಲಿನಿಂದ ಇತ್ತು. ಹಿಂದಿನ ಕೋಣೆಯ ಗೋಡೆಗಳಿಗೆ ಕೌದಿ ನೇತುಹಾಕಿ, ಒಂದು ಮೈಕು, ಲ್ಯಾಪ್‌ಟಾಪು ಇಟ್ಟು, ನಾಲ್ಕು ದಿನ ಮುಂಜಾನೆ ಅಪ್ಪನನ್ನು ಹಾಡಿಸಿದೆ. ಹಾಡುವಾಗ ಅವನು ಬಹಳ ದೊಡ್ಡವನಾಗಿ ಕಾಣುತ್ತಿದ್ದ. ನಾನು ನೀರು ಕೊಟ್ಟೆ, ಕಾಲ ಕೆಳಗೆ ಮಣೆ ಇಟ್ಟೆ.

ಐದನೆಯ ದಿನ ಹೆಡ್‌ಫೋನ್ ಹಾಕಿಕೊಂಡು ಕೇಳಲು ಕೂತೆ. ಮೊದಲ ಪದದ ಮೊದಲ ಸಾಲಿಗೆ ಮುಂಚೆ ಆ ಉಸಿರು ಬಂತು.

ನಾನು ಹೆಡ್‌ಫೋನ್ ಕಿತ್ತು ಬಿಸಾಕಿದೆ. ನಲವತ್ತಾರು ವರ್ಷದ ಗಂಡಸು, ಕುರ್ಚಿಯಿಂದೆದ್ದು ಬಾಗಿಲ ತನಕ ಹೋಗಿದ್ದೆ. ಹಾಡುವಾಗ ಎದುರಿಗೆ ಕೂತಿದ್ದರೂ ಹಾಡಿನ ಗುಂಗಿನಲ್ಲಿ ಅದು ನನಗೆ ಕೇಳಿಸಿರಲಿಲ್ಲ. ಮೈಕು ಅದನ್ನು ಅವನ ಮೂಗಿನ ಹತ್ತಿರದಿಂದ ಎತ್ತಿಕೊಂಡಿತ್ತು. ಪ್ರತಿ ಸಾಲಿಗೂ ಮುಂಚೆ ಅದೇ. ಉಸಿರು, ಆಮೇಲೆ ಹಾಡು. ಉಸಿರು ಕೇಳಿದಾಗಲೆಲ್ಲ ನನ್ನ ಬೆನ್ನು ಏಟಿಗೆ ಬಿಗಿಯಾಗುತ್ತಿತ್ತು, ಬರುತ್ತಿದ್ದದ್ದು ಹಾಡು.

ಒಂದು ವಾರ ಕೂತು ಲ್ಯಾಪ್‌ಟಾಪಿನಲ್ಲಿ ಆ ಉಸಿರುಗಳ ಸದ್ದನ್ನು ಒಂದೊಂದಾಗಿ ತಗ್ಗಿಸಿದೆ. ಪೂರ್ತಿ ಕತ್ತರಿಸಿದರೆ ಹಾಡು ಮುಗ್ಗರಿಸುತ್ತಿತ್ತು. ತಗ್ಗಿಸಿದರೂ ದನಿಯಲ್ಲಿ ಚೂರಿಯಂಥ ಒಂದು ಅಂಚು ಉಳಿಯುತ್ತಿತ್ತು. ಮನೆಯಲ್ಲಿ ರೆಕಾರ್ಡ್ ಮಾಡುವವರು ಈಗ ಕೊನೆಯ ಪ್ರತಿಯನ್ನು ಕ್ಯಾಸೆಟ್ಟಿಗೆ ಇಳಿಸುತ್ತಾರೆ, ಅದರಿಂದ ದನಿ ದುಂಡಗಾಗುತ್ತದೆ ಎಂದು ಎಲ್ಲೋ ಓದಿದ್ದೆ. ಬಾದಾಮಿಯಲ್ಲಿ ಹಿಂದೆ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಒಬ್ಬರು ಕ್ಯಾಸೆಟ್ ತುಂಬುವ ಹಳೆಯ ಡೆಕ್ಕನ್ನು ಮಂಚದ ಕೆಳಗೆ ಇಟ್ಟುಕೊಂಡಿದ್ದಾರೆ ಎಂದು ತಿಳಿದು ಬಸ್ಸು ಹತ್ತಿ ಹೋದೆ.

"ಈಗ ಇದನ್ನ ಒಯ್ದು ಏನ್ ಮಾಡ್ತೀರಿ?" ಎಂದು ಕೇಳಿದರು.

"ನಮ್ಮಪ್ಪನ ದನಿ ಸ್ವಲ್ಪ ಮೆತ್ತಗ ಮಾಡಬೇಕಾಗೇತ್ರಿ."

"ಮಾಡ್ತೈತಿ. ಎಂಥಾ ಒರಟ ದನಿ ಇದ್ರೂ ಇದರಾಗ ಹಾಸಗಿ ಮ್ಯಾಲ ಮಲಗಿಸಿದಂಗ ಆಗತೈತಿ" ಎಂದು ಡೆಕ್ಕನ್ನು ಟವೆಲಿನಲ್ಲಿ ಸುತ್ತಿ ಕೊಟ್ಟರು.

ಹೊಸ ರಬ್ಬರ್ ಬೆಲ್ಟು ಹಾಕಿದೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಟೇಪು ತಾಗುವ ಹೆಡ್ ಒರೆಸಿದೆ; ಕಂದು ಬಣ್ಣದ ಕೊಳೆ ಬಂತು. ಲ್ಯಾಪ್‌ಟಾಪಿನಿಂದ ಡೆಕ್ಕಿಗೆ ವಯರು ಕೊಟ್ಟು, ದನಿಯ ಜೋರು ತೋರಿಸುವ ಮುಳ್ಳುಗಳನ್ನು ನೋಡುತ್ತಾ ಕೂತೆ. ಮುಳ್ಳು ತೀರ ಕೆಳಗಿದ್ದರೆ ಟೇಪಿನ ಸೊಯ್ ಎನ್ನುವ ಸದ್ದು ಹಾಡನ್ನು ನುಂಗುತ್ತದೆ. ಕೆಂಪು ಗೆರೆ ದಾಟಿ ಹೋದರೆ ದನಿ ಒಡೆಯುತ್ತದೆ. ಕೆಂಪನ್ನು ಮುಟ್ಟಿಯೂ ಮುಟ್ಟದಂತೆ ಹಿಡಿದರೆ ಟೇಪೇ ದನಿಯನ್ನು ಅದುಮಿ ಕೂರಿಸುತ್ತದೆ. ಅವಸರ ಮಾಡಲು ಬರುವುದಿಲ್ಲ; ಹಾಡು ಎಷ್ಟು ಹೊತ್ತೋ ಅಷ್ಟು ಹೊತ್ತು ಕಾಯಬೇಕು. ಮೂರನೆಯ ಸಲಕ್ಕೆ ಸರಿಹೋಯಿತು. ಹಿಂದಕ್ಕೆ ಸುತ್ತಿ ಹಾಕಿ ಕೇಳಿದರೆ ಅಲ್ಲಿದ್ದವನು ಬೇರೆಯೇ ಮನುಷ್ಯ. ತುಂಬಿದ, ಬೆಚ್ಚಗಿನ ದನಿ. ತಗ್ಗಿಸಿದ್ದ ಉಸಿರುಗಳು ಟೇಪಿನ ಸದ್ದಿನ ಕೆಳಗೆ ಮುಳುಗಿಹೋಗಿದ್ದವು. ನನಗೆ ಇಂಥ ಒಬ್ಬ ಅಪ್ಪ ಇದ್ದ ಎಂದು ನಂಬಿಕೊಂಡು ಅತ್ತೆ.

ಅಪ್ಪನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿ, "ಚಲೋ ಬಂದೇತಿ" ಎಂದ. ಹುಟ್ಟಿದ ಮೇಲೆ ಅವನು ನನ್ನ ಕೆಲಸವೊಂದನ್ನು ಹೊಗಳಿದ್ದು ಅದೇ ಮೊದಲು. ಆ ಹುರುಪಿನಲ್ಲಿ ಅಕ್ಕನಿಗೆ ಫೋನ್ ಮಾಡಿ ಕರೆದೆ.

ಭಾನುವಾರ ಮಧ್ಯಾಹ್ನ ಬಂದಳು. ನನ್ನ ಹೆಂಡತಿ ತವರುಮನೆಗೆಂದು ಕಲಾದಗಿಗೆ ಹೋಗಿದ್ದಳು. ಅಪ್ಪ ಪಡಸಾಲೆಯಲ್ಲಿ ಮಲಗಿದ್ದ. ನಾನು ಅಕ್ಕನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಚ್ಚಿ, ಕ್ಯಾಸೆಟ್ ಹಚ್ಚಿದೆ. ಯಾವ ಪದ ಮೊದಲಿದೆ ಎಂದು ನಾನು ಯೋಚಿಸಿರಲಿಲ್ಲ. ಅವಳು ಪಾತ್ರೆ ತಿಕ್ಕುತ್ತಾ ಹಾಡಿದ್ದ ಪದವೇ ಅದು. ಮೇಲೇರುವ ಜಾಗದಲ್ಲಿ ಅಪ್ಪ ಈಗಲೂ ಏರದೆ ತಿರುವಿಕೊಂಡು ಹೋಗುತ್ತಿದ್ದ. ಟೇಪು ಅದನ್ನೂ ಚೆಂದ ಮಾಡಿತ್ತು.

ಅಕ್ಕ ನಿಂತೇ ಕೇಳಿದಳು. ಪದ ಮುಗಿದ ಮೇಲೆ, "ಉಸಿರ ಎಲ್ಲಿ ಹೋತು?" ಎಂದಳು.

"ಯಾವುದು?"

"ನಿನಗ ಗೊತ್ತೈತಿ ಯಾವುದಂತ."

"ಅದು ಕೇಳಾಕ ಚಲೋ ಅನಸ್ತಿದ್ದಿಲ್ಲ ಯಕ್ಕಾ. ಸ್ವಲ್ಪ ಕಡಿಮಿ ಮಾಡೇನಿ."

"ನೀ ಯಾರು ಕಡಿಮಿ ಮಾಡಾಂವ? ಅವ್ವನ ಹಲ್ಲ ಉದುರಿದ್ದು ಕಡಿಮಿ ಮಾಡ್ತಿಯೇನು? ನನ್ನ ಕೈ ನೆಟ್ಟಗ ಮಾಡ್ತಿಯೇನು?"

"ಮಂದಿಗೆ ಹಾಡು ಬೇಕು. ಉಳದದ್ದು ಯಾಕ ಬೇಕು?"

"ಹಂಗಾದ್ರ ಹಾಡೂ ಬ್ಯಾಡ."

ಓಡುತ್ತಿದ್ದ ಡೆಕ್ಕನ್ನು ಬಲಗೈಯಿಂದ ಎಳೆದು, ಸೊಟ್ಟ ಕೈಯನ್ನು ಕೆಳಗೆ ಆನಿಸಿ ಎತ್ತಿದಳು. ವಯರುಗಳು ಕಿತ್ತು ಬಂದವು. ನೆಲಕ್ಕೆ ಅಪ್ಪಳಿಸಿದಳು. ಮುಚ್ಚಳ ಸಿಡಿಯಿತು, ಟೇಪು ಹೊರಗೆ ಸುರುಳಿ ಸುರುಳಿಯಾಗಿ ಬಿತ್ತು. ಮತ್ತೆ ಎತ್ತಿ ಮತ್ತೆ ಅಪ್ಪಳಿಸಿದಳು.

ನಾನು ಅವಳಿಗೆ ಹೊಡೆದೆ. ಅಂಗೈ ಪೂರ್ತಿ ಬಿಟ್ಟು, ಬಾಯಿಯ ಮೇಲೆ. ತುಟಿ ಹಲ್ಲಿಗೆ ತಾಗಿ ಸೀಳಿತು. ಅವಳು ಹಿಂದೆ ಸರಿಯದೆ ನನ್ನನ್ನೇ ನೋಡಿದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಇನ್ನೊಂದು ಹೊಡೆದೆ. ಎರಡನೆಯದು ಮೊದಲಿನದಕ್ಕಿಂತ ಸುಲಭವಾಗಿತ್ತು. ಇದನ್ನು ನಾನು ಈ ತನಕ ಯಾರಿಗೂ ಹೇಳಿರಲಿಲ್ಲ.

ಸದ್ದಿಗೆ ಎದ್ದು ಬಂದ ಅಪ್ಪ ಬಾಗಿಲು ತೆರೆದು ಕೋಲೂರಿ ನಿಂತಿದ್ದ. ಅಕ್ಕನ ಗದ್ದದಿಂದ ಇಳಿಯುತ್ತಿದ್ದ ರಕ್ತ ನೋಡಿ ನಕ್ಕ.

"ಈಗ ಗಂಡಸಾದಿ ನೋಡು. ಆಕಿಗೆ ಮೊದಲಿಂದ ಬಾಯಿ ಭಾಳ."

ನಾನು ಅವನ ಅಂಗಿಯ ಎದೆಯನ್ನು ಹಿಡಿದುಕೊಂಡೆ. ಅವನು ಕೋಲಿನಿಂದ ನನ್ನ ಕಿವಿಗೆ ಬಾರಿಸಿದ; ಕಿವಿ ಹರಿದು ತಲೆಯೊಳಗೆ ಗುಂಯ್ ಎಂದಿತು. ಎರಡೂ ಕೈಯಿಂದ ತಳ್ಳಿದೆ. ಬಾಗಿಲ ಚೌಕಟ್ಟಿನ ಅಂಚಿಗೆ ತಲೆ ಬಡಿದು ಜಾರುತ್ತಾ ಕೆಳಗೆ ಕೂತ. ಬಿಳಿಗೂದಲಿನ ನಡುವಿನಿಂದ ರಕ್ತ ಬಂತು. ಒದೆಯಲು ನಾನು ಕಾಲೆತ್ತಿದ್ದೆ. ಅಷ್ಟರಲ್ಲಿ ಅಕ್ಕ ಹಿಂದಿನಿಂದ ನನ್ನ ನಡು ಹಿಡಿದು ಎಳೆದಳು.

"ಬಿಡು. ಸತ್ರ ನೀ ಜೈಲಿಗೆ ಹೋಗ್ತಿ. ಅಷ್ಟ ಕಿಮ್ಮತ್ತಿನ ಮನಷ್ಯಾ ಅಲ್ಲ ಅಂವ."

ಆಟೋದಲ್ಲಿ ಅಪ್ಪನನ್ನು ನಡುವೆ ಕೂರಿಸಿಕೊಂಡು ದವಾಖಾನೆಗೆ ಹೋದೆವು. ಅಕ್ಕ ತನ್ನ ಸೆರಗನ್ನು ಮಡಚಿ ಅವನ ತಲೆಗೆ ಒತ್ತಿ ಹಿಡಿದಿದ್ದಳು. ಅವಳ ತುಟಿಯನ್ನು ಯಾರೂ ಒತ್ತಿ ಹಿಡಿದಿರಲಿಲ್ಲ.

"ಏನಾತು?" ಎಂದು ಡಾಕ್ಟರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಬಚ್ಚಲದಾಗ ಜಾರಿ ಬಿದ್ನಿರಿ" ಎಂದ.

ಡಾಕ್ಟರು ಅವನ ತಲೆ, ಅಕ್ಕನ ತುಟಿ, ಹರಿದ ನನ್ನ ಕಿವಿ ನೋಡಿ, "ಮೂರೂ ಮಂದಿ ಜಾರಿದ್ರೇನು?" ಎಂದರು. ಅಪ್ಪನಿಗೆ ಏಳು ಹೊಲಿಗೆ ಬಿದ್ದವು. ಹೊಲಿಗೆ ಹಾಕುವಾಗ ಅವನು ಗಟ್ಟಿಯಾಗಿ ಹಿಡಿದುಕೊಂಡದ್ದು ನನ್ನ ಕೈಯನ್ನು. ಬಿಡಿಸಿಕೊಳ್ಳಬೇಕು ಅನ್ನಿಸಿತು, ಬಿಡಿಸಿಕೊಳ್ಳಲಿಲ್ಲ. ಹೊರಗೆ ಬಂದು ನೋಡಿದರೆ ಅಕ್ಕ ಇರಲಿಲ್ಲ, ಇಳಕಲ್ ಬಸ್ಸು ಹತ್ತಿ ಹೋಗಿದ್ದಳು.

ಎರಡು ವಾರ ಅವಳು ಫೋನ್ ಎತ್ತಲಿಲ್ಲ. ಕೊನೆಗೆ ನಾನೇ ಹೋದೆ. ಮಷೀನಿನ ಮುಂದೆ ಕೂತಿದ್ದಳು. ತುಟಿಯ ಮೇಲೆ ಕಪ್ಪು ಗೆರೆ ಉಳಿದಿತ್ತು. ಹೊಲಿಯುವುದನ್ನು ನಿಲ್ಲಿಸಲಿಲ್ಲ.

"ತಪ್ಪಾತು ಯಕ್ಕಾ. ಸಿಟ್ಟಿನಾಗ ಒಂದ ಸಲ ಕೈ ಎತ್ತಿದ್ನಿ."

"ಎರಡ ಸಲ. ಅಂವಾನೂ ಅವ್ವಗ ಮೊದಲ ಹೊಡದಾಗ ಹಿಂಗ ಬಂದ ಹೇಳಿರಬೇಕು, ಸಿಟ್ಟಿನಾಗ ಅಂತ."

ಮಷೀನು ಬಹಳ ಹೊತ್ತು ಓಡಿತು. ಒಂದು ಸೀರೆಯ ಅಂಚು ಪೂರ್ತಿ ಮುಗಿಯಿತು. ಆಮೇಲೆ ದಾರ ಕಡಿದು, "ಮಂದಿಗೆ ಕೊಡೋದಿದ್ರ ಕೊಡು. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅಂವ ಹೆಂಗ ಅದಾನ ಹಂಗ ಕೊಡು" ಎಂದಳು.

ಕತ್ತರಿ ಆಡಿಸುವ ಮೊದಲಿನ ಪ್ರತಿ ಲ್ಯಾಪ್‌ಟಾಪಿನಲ್ಲಿ ಇತ್ತು. ಬೇವೂರಿನವರಿಗೆ ಕ್ಯಾಸೆಟ್ಟೇ ಕೊಡುತ್ತೇನೆ ಎಂದಿದ್ದೆ. ಡೆಕ್ಕನ್ನು ಬಿಚ್ಚಿದೆ, ಚೌಕಟ್ಟು ಬಾಗಿತ್ತು, ಹೆಡ್ ಉಳಿದಿತ್ತು. ಬಾದಾಮಿಯವರ ಹತ್ತಿರ ಇನ್ನೊಂದು ಕೆಟ್ಟ ಡೆಕ್ಕು ತಂದು ಎರಡರಿಂದ ಒಂದನ್ನು ಮಾಡಿದೆ. ಈ ಸಲ ಉಸಿರು ಮುಳುಗಬಾರದು. ಅದಕ್ಕಾಗಿ ಇಡೀ ಹಾಡಿನ ಸದ್ದನ್ನೇ ಏರಿಸಬೇಕಾಯಿತು. ಏರಿಸಿದಾಗ ಜೋರಿನ ಸಾಲುಗಳಲ್ಲಿ ಮುಳ್ಳು ಕೆಂಪಿಗೆ ಹೋಗಿ ಅಂಟಿಕೊಂಡು, ದನಿ ಒಡೆಯಿತು. ಹಾಗೆಯೇ ಬಿಟ್ಟೆ.

ಅಪ್ಪನಿಗೆ ಕೇಳಿಸಿದೆ. ಮೊದಲ ಪದ ಮುಗಿಯುವ ಮೊದಲೇ, "ಆ ಸಪ್ಪಳ ತಗದ ಹಾಕು" ಎಂದ.

"ಯಾವ ಸಪ್ಪಳ?"

ಕೋಲಿನಿಂದ ಡೆಕ್ಕನ್ನು ತೋರಿಸಿದ. ಅವನಿಗೂ ಗೊತ್ತಿತ್ತು.

"ಅದು ನಿಂದ ಅಪ್ಪಾ. ತಗಿಯಂಗಿಲ್ಲ."

ಕೋಲು ಎತ್ತಿದ. ನಾನು ಕೂತಲ್ಲಿಂದ ಏಳಲಿಲ್ಲ, ಕೈಯನ್ನೂ ಅಡ್ಡ ಹಿಡಿಯಲಿಲ್ಲ. ಕೋಲು ಹಾಗೆಯೇ ಮೇಲೆ ನಿಂತು, ನಿಧಾನಕ್ಕೆ ಕೆಳಗಿಳಿಯಿತು. ಆ ದಿನ ಅವನು ಊಟ ಮಾಡಲಿಲ್ಲ. ನನ್ನ ಹೆಂಡತಿ ಎರಡು ಸಲ ರೊಟ್ಟಿ ಒಯ್ದು ಎರಡು ಸಲವೂ ಹಿಂದಕ್ಕೆ ತಂದಳು.

ಬೇವೂರಿನವರಿಗೆ ಕ್ಯಾಸೆಟ್ಟನ್ನೂ, ಅದರಿಂದ ಇಳಿಸಿದ ಒಂದು ಪೆನ್ ಡ್ರೈವನ್ನೂ ಕೊಟ್ಟೆ. ಅವರಲ್ಲಿ ಒಬ್ಬರು ಕೇಳಿ, "ದನಿ ಒಂದೀಟು ಬಿರುಸ ಬಂದೇತ್ರಿ" ಎಂದರು. ಹೌದೆಂದೆ. ಮೊಹರಂ ಹೊತ್ತಿಗೆ ಮೇಳದವರು ಅದನ್ನು ಕೇಳಿ ಕಲಿತಿದ್ದರು. ಅಕ್ಕ ತನ್ನ ಪ್ರತಿ ಬೇಡವೆಂದಳು.

ಈಗ ಅವಳು ಆಗಾಗ ನವನಗರಕ್ಕೆ ಬರುತ್ತಾಳೆ. ಸೀರೆ ಕೊಡುವುದಿದ್ದರೆ ಕೊಟ್ಟು, ನಮ್ಮ ಮನೆಯಲ್ಲಿ ಚಹಾ ಕುಡಿದು ಹೋಗುತ್ತಾಳೆ. ಅಪ್ಪನ ಜೊತೆ ಮಾತಿಲ್ಲ. ನನ್ನ ಜೊತೆ ಮಾತಾಡುತ್ತಾಳೆ, ಕೆಲವು ಸಲ ನಗುತ್ತಾಳೆ ಕೂಡ. ಆದರೆ ಇಬ್ಬರೇ ಇದ್ದಾಗ ಗಾಳಿಗೆ ಬಾಗಿಲು ಹಾಕಿಕೊಂಡರೆ ಮಾತನ್ನು ಅಷ್ಟಕ್ಕೇ ನಿಲ್ಲಿಸಿ ಎದ್ದು ಹೋಗಿ ತೆರೆಯುತ್ತಾಳೆ. ಅದಕ್ಕೆ ಅವಳು ಬರುವ ದಿನ ನಾನು ತೆರೆದ ಬಾಗಿಲಿಗೆ ಒಂದು ಕುರ್ಚಿ ಆನಿಸಿ ಇಡುತ್ತೇನೆ.