ಕೊಳದ ಕೋಲು ಹಿಡಿದ ಶಹಾದೆ

ಐನ್ ಲೋಜ್ ಊರಿನಲ್ಲಿ ವಾರಕ್ಕೆ ಎಂಟು ದಿನ. ಕೇಳಿದವರು ನಗುತ್ತಾರೆ, ನಗಲಿ ಬಿಡಿ. ಬುಗ್ಗೆಯ ನೀರಿಗೆ ಪಾಲುದಾರರಾದ ಮನೆತನಗಳು ಎಂಟು. ಒಂದೊಂದು ಮನೆತನಕ್ಕೆ ಒಂದೊಂದು ದಿನದ ನೀರು. ಎಂಟನೆಯವರ ಸರದಿ ಮುಗಿದ ಮೇಲೆಯೇ ಮೊದಲಿನವರಿಗೆ ಮತ್ತೆ. ಶುಕ್ರವಾರ, ಶನಿವಾರ ಅನ್ನುವುದೆಲ್ಲ ಮಸೀದಿಗೆ, ಸಂತೆಗೆ, ಬೆತ್ಲೆಹೇಮಿನ ಬಸ್ಸಿಗೆ. ನಮ್ಮ ಬದನೆ ಪಾತಿಗಳಿಗೆ ಗೊತ್ತಿದ್ದದ್ದು ಈ ಎಂಟರ ಲೆಕ್ಕ ಒಂದೇ. ಆ ಲೆಕ್ಕ ಯಾವ ಕಾಗದದಲ್ಲೂ ಇರಲಿಲ್ಲ, ಶಹಾದೆಯ ತಲೆಯಲ್ಲಿತ್ತು.

ಊರವರು ಅವನನ್ನು ಅಬೂ ನಿಮರ್ ಎನ್ನುತ್ತಿದ್ದರು, ನಿಮರನ ಅಪ್ಪ. ನಿಮರ್ ನಲವತ್ತು ದಿನ ಬದುಕಿದ ಕೂಸು. ಆಮೇಲೆ ಮಕ್ಕಳಾಗಲಿಲ್ಲ, ಕರೆಯುವ ಹೆಸರು ಮಾತ್ರ ಉಳಿದುಕೊಂಡಿತು. ಹೆಂಡತಿಯೂ ಹಾಗೆಯೇ ಊರಿಗೆಲ್ಲ ಉಮ್ ನಿಮರ್, ನಿಮರನ ತಾಯಿ. ಇಲ್ಲದ ಮಗನ ಹೆಸರಲ್ಲಿ ಗಂಡಹೆಂಡಿರಿಬ್ಬರೂ ಮೂವತ್ತು ವರ್ಷ ಓಗೊಟ್ಟರು.

ಬೆಳಕು ಹರಿಯುವ ಹೊತ್ತಿಗೆ ಶಹಾದೆ ಕೊಳದ ಮೆಟ್ಟಿಲಿಳಿದು, ಮೂಲೆಯ ಚಪ್ಪಟೆ ಕಲ್ಲಿನ ಮೇಲೆ ಆಲಿವ್ ಮರದ ಕೋಲು ಊರುತ್ತಿದ್ದ. ರಾತ್ರಿಯೆಲ್ಲ ಬುಗ್ಗೆಯಿಂದ ಸುರಂಗದಲ್ಲಿ ಹರಿದು ಬಂದು ಕೊಳದಲ್ಲಿ ತುಂಬಿದ ನೀರು ಕೋಲಿನ ಎಷ್ಟನೆಯ ಗೆರೆಗೆ ಮುಟ್ಟಿದೆ ಎಂದು ನೋಡಿ, ಆ ದಿನದ ಮನೆತನದ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದ. ಅವರ ಅಣ್ಣತಮ್ಮಂದಿರಿಗೆ ಗೆರೆಯ ಪ್ರಕಾರ ಹಂಚಿಕೆ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ನೀರಿನ ವಿಷಯದಲ್ಲಿ ಗುದ್ದಲಿ ಎತ್ತುವ ಜನ ನಾವು, ಸುಳ್ಳು ಯಾಕೆ ಹೇಳಬೇಕು. ಆದರೆ ಶಹಾದೆ ಕೂಗಿದ ಮೇಲೆ ಯಾರೂ ಎರಡು ಮಾತಾಡಿದ್ದಿಲ್ಲ. ಮೂವತ್ತೊಂದು ವರ್ಷ ಹಾಗೆ ನಡೆಯಿತು.

ಇನ್ನೊಂದು ಕಟ್ಟಳೆಯೂ ಇತ್ತು. ಊರಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣು ಮಾಡುವ ದಿನ ಯಾರ ಹೊಲಕ್ಕೂ ನೀರು ಬಿಡುವಂತಿಲ್ಲ. ಹೆಣ ತೊಳೆಯಲು, ಸಾವಿನ ಮನೆಯ ಅಡಿಗೆಗೆ ಕೊಡದಲ್ಲಿ ಒಯ್ಯಬಹುದು, ಅಷ್ಟೇ. ಆ ದಿನ ಸತ್ತವರದ್ದು, ಅದು ಲೆಕ್ಕಕ್ಕಿಲ್ಲ. ಅವತ್ತು ಯಾರ ಸರದಿಯಿತ್ತೋ ಅವರಿಗೆ ಮಾರನೆಯ ದಿನ ಸಿಗುತ್ತದೆ, ಮಿಕ್ಕವರದ್ದೆಲ್ಲ ಒಂದು ದಿನ ಮುಂದಕ್ಕೆ. ಹುಟ್ಟಿದ ದಿನವೇ ಹೋದ ಕೂಸಿಗೂ ಶಹಾದೆ ದಿನ ಬಿಟ್ಟಿದ್ದ. ಅಕ್ಕಪಕ್ಕದವರ ಬೇಲಿ ಒತ್ತಿಕೊಂಡು ಎಲ್ಲರ ಶಾಪ ತಿಂದಿದ್ದ ಮುದುಕನೊಬ್ಬ ಸತ್ತಾಗ, ಈ ಪುಣ್ಯಾತ್ಮನಿಗೂ ಒಂದು ದಿನವೇ ಎಂದು ಜನ ಗೊಣಗಿದರೂ ಕೇಳದೆ ಬಿಟ್ಟಿದ್ದ.

ಆ ಬೇಸಿಗೆ ಮೇಲಿನ ಗುಡ್ಡದಲ್ಲಿ ಹೊರದೇಶದವರ ಅಗೆತ ಶುರುವಾಯಿತು. ಬೈಬಲ್ಲಿನ ಯಾವುದೋ ಊರು ನಮ್ಮ ಗುಡ್ಡದ ಹೊಟ್ಟೆಯಲ್ಲಿದೆಯಂತೆ. ಅವರಲ್ಲಿ ಗಂಡಸರೆಲ್ಲ ಮೇಲೆ ಡೇರೆ ಹೊಡೆದು, ಮಡಕೆಚೂರುಗಳಿಗೆ ದಿನಾ ಸ್ನಾನ ಮಾಡಿಸುತ್ತ ಕೂತರು. ಕೆಳಗೆ ಕೊಳಕ್ಕೆ ಬಂದವಳು ಎದ್ನಾ ಅನ್ನುವ ಒಬ್ಬ ಹೆಂಗಸು. ಸಿತ್ತ್ ಎದ್ನಾ ಎಂದು ನಾವು ಮರ್ಯಾದೆಯಿಂದ ಕರೆದೆವು. ಬಿಸಿಲಿಗೆ ಟೊಮೆಟೊ ಥರ ಕೆಂಪಾಗಿದ್ದರೂ ನೆರಳಿಗೆ ಬಾ ಎಂದರೆ ಬರುತ್ತಿರಲಿಲ್ಲ. ಕೊಳದ ಗಾರೆ ಪದರಪದರವಾಗಿ ಯಾವ ಕಾಲದ್ದು, ಸುರಂಗದ ಗೋಡೆಯ ಮೇಲೆ ಉಳಿ ಯಾವ ಕಡೆಯಿಂದ ಬಿದ್ದಿದೆ, ಎಲ್ಲವನ್ನೂ ಅಳೆದು ಬರೆದಳು. ಅಳತೆ ಪಟ್ಟಿಯ ಇನ್ನೊಂದು ತುದಿ ಹಿಡಿದವನು ಶಹಾದೆ. ದೀಪ ಹಿಡಿದು, ಮೊಣಕಾಲುದ್ದ ನೀರಿನಲ್ಲಿ ಬಾಗಿ ಅವಳನ್ನು ಸುರಂಗದ ಕೊನೆಯವರೆಗೆ ಕರೆದುಕೊಂಡು ಹೋದವನೂ ಅವನೇ. ಇದನ್ನು ಕಟ್ಟಿಸಿದ್ದು ಬೈಬಲ್ಲಿನ ಕಾಲದ ದೊರೆ ಸುಲೇಮಾನ್ ಎಂದು ಅವನು ಹೇಳಿದರೆ, ಅವನಿಗಿಂತ ಈಚಿನದ್ದು ಎಂದು ಅವಳು. ನೀನು ಆಗ ಇದ್ದೆಯಾ ಎಂದು ಅವನು ಕೇಳಿದರೆ ಅವಳು ನಗುತ್ತಿದ್ದಳು.

ದಿನಾ ಬೆಳಿಗ್ಗೆ ಅವನು ಕೂಗಿದ ಹೆಸರನ್ನೂ ಅವಳು ತಾರೀಕು ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಇಷ್ಟು ಹಳೆಯ ಕೊಳ, ಇಷ್ಟು ಹಳೆಯ ಹಂಚಿಕೆ, ಇನ್ನೂ ಜೀವಂತ ಇರುವುದು ಇಲ್ಲೇ ನೋಡು ಎಂದಾಗ ಶಹಾದೆ ಮನೆಗೆ ಹೋಗಿ ಅದನ್ನು ಹೆಂಡತಿಗೆ ಹೇಳಿದ. ಉಮ್ ನಿಮರ್ ಆಗಲೇ ಹಾಸಿಗೆ ಹಿಡಿದಿದ್ದಳು. ಎದೆಯಲ್ಲಿ ಕಫ ಕಟ್ಟಿ ಮಾತು ಕಷ್ಟವಾಗಿತ್ತು. ಆದರೂ ಚಹಾ ಮಾಡುವ ಹೊತ್ತಿಗೆ ಎದ್ದು ಕೂತು, ಗಂಡ ಕೋಲು ತೆಗೆದುಕೊಳ್ಳುವಾಗ ಒಂದು ಮಾತು ಕೇಳಿಯೇ ಕೇಳುತ್ತಿದ್ದಳು: ಇವತ್ತು ಇಂಥವರದ್ದಲ್ಲವಾ? ಮದುವೆಯಾದ ಹೊಸತರಿಂದ ನಡೆದು ಬಂದ ಮಾತು ಅದು. ನನಗೇ ಲೆಕ್ಕ ಹೇಳಿಕೊಡುತ್ತೀಯಾ ಎಂದು ಅವನು ರೇಗುತ್ತಿದ್ದ. ರೇಗಿ, ಹೌದು ಎಂದು ಹೊರಡುತ್ತಿದ್ದ.

ಅವಳು ಒಂದು ಸಂಜೆ ಹೋದಳು. ಮಾರನೆಯ ದಿನ ಮಧ್ಯಾಹ್ನದ ನಮಾಜಿನ ಮೇಲೆ ಮಣ್ಣು ಮಾಡಿದರು. ಅವತ್ತು ಅವ್ವಾದ್ ಮನೆತನದ ಸರದಿ. ಆ ಮನೆತನದಲ್ಲಿ ಉಳಿದು ಬೇಸಾಯ ಮಾಡುತ್ತಿದ್ದವಳು ಸಬ್ಹಾ ಒಬ್ಬಳೇ. ಗಂಡ ಸತ್ತು ನಾಲ್ಕು ವರ್ಷವಾಗಿತ್ತು, ಇಳಿಜಾರಿನ ನಾಲ್ಕು ಮೆಟ್ಟಿಲು ಹೊಲದಲ್ಲಿ ಬದನೆ ಸಸಿ ನೆಟ್ಟು ಹತ್ತು ದಿನವಾಗಿತ್ತು. ಆ ದಿನ ಅವಳು ನೀರಿನ ಯೋಚನೆ ಬಿಟ್ಟು ಹೆಣ ತೊಳೆಯುವವರ ಜೊತೆ ನಿಂತಳು.

ಅದರ ಮಾರನೆಯ ಬೆಳಿಗ್ಗೆ ಶಹಾದೆ ಸಂತಾಪಕ್ಕೆ ಬಂದವರ ನಡುವಿನಿಂದ ಎದ್ದು ಕೊಳಕ್ಕೆ ಬಂದ. ಮೂರು ದಿನ ನೀನು ಬರಬೇಡ, ನಾವು ನೋಡಿಕೊಳ್ಳುತ್ತೇವೆ ಎಂದು ಎಷ್ಟೋ ಜನ ಹೇಳಿದ್ದರು. ಕೇಳಲಿಲ್ಲ. ಮನೆಯಲ್ಲಿ ಚಹಾ ಇರಲಿಲ್ಲ, ಇವತ್ತು ಇಂಥವರದ್ದಲ್ಲವಾ ಎಂದು ಕೇಳುವವರೂ ಇರಲಿಲ್ಲ. ಕೋಲು ಊರಿದ, ಗೆರೆ ನೋಡಿದ, ಕೂಗಿದ: "ಬಷೀರ್ ಮನೆಯವರು."

ಗುದ್ದಲಿ ಹಿಡಿದು ನಿಂತಿದ್ದ ಸಬ್ಹಾ ಅವನ ಮುಖ ನೋಡಿದಳು. ಬಷೀರ್ ಮನೆತನದ ಅಬೂ ತೌಫೀಕ್ ಸಬ್ಹಾಳ ಮುಖ ನೋಡಿದ. ಅವಳು ಏನೂ ಹೇಳದೆ ಗುದ್ದಲಿಯನ್ನು ಹೆಗಲಿಗೇರಿಸಿ ಹೊರಟುಹೋದಳು. ಅಬೂ ತೌಫೀಕ್ ತೂಬಿಗೆ ತುರುಕಿದ್ದ ಬಟ್ಟೆ ಕಿತ್ತು ತನ್ನ ಹೊಲಕ್ಕೆ ನೀರು ಹರಿಸಿಕೊಂಡ. ಸಿತ್ತ್ ಎದ್ನಾ ಪುಸ್ತಕದಲ್ಲಿ ಬಷೀರ್ ಎಂದು ಬರೆದಳು.

ಮತ್ತೆ ಅವ್ವಾದ್ ಸರದಿ ಬರುವುದಕ್ಕೆ ಒಂದು ವಾರ ಹಿಡಿಯಿತು. ಆ ದಿನ ಶಹಾದೆ ಅವ್ವಾದ್ ಎಂದು ಕೂಗಿ, ಸಬ್ಹಾಗೆ ನೀರು ಬಿಟ್ಟು, ಕೊಳದ ಕಟ್ಟೆಯ ಮೇಲೆ ಕೂತಿದ್ದ. ಸಿತ್ತ್ ಎದ್ನಾ ಪುಸ್ತಕ ತಿರುವುತ್ತ ಬಂದು ಪಕ್ಕದಲ್ಲಿ ಕೂತಳು. ಒಂದು ಸಂಗತಿ ಅರ್ಥವಾಗಲಿಲ್ಲ ಎಂದಳು. ತಿಂಗಳ ಹಿಂದೆ ಮಸೀದಿಯ ಮುದುಕರೊಬ್ಬರು ತೀರಿಕೊಂಡಾಗ ಒಂದು ದಿನ ಯಾರ ಹೆಸರೂ ಇಲ್ಲ, ಮಾರನೆಯ ದಿನ ತಪ್ಪಿದವರಿಗೇ ನೀರು ಬಂದಿದೆ. ಈ ಸಲ ಹಾಗೆ ಬಂದಿಲ್ಲ, ನೇರವಾಗಿ ಮುಂದಿನ ಮನೆತನಕ್ಕೆ ಹೋಗಿದೆ. ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ತಿಳಿದುಕೊಳ್ಳುವ ಆಸೆ ಇತ್ತು.

"ಹೆಂಗಸರು ತೀರಿಕೊಂಡ್ರೆ ಲೆಕ್ಕ ನಿಲ್ಸೋದಿಲ್ವಾ, ಅಬೂ ನಿಮರ್?"

"ನಿಲ್ಲಿಸ್ತೀವಿ," ಎಂದ ಶಹಾದೆ.

ಅವನಿಗೆ ಓದು ಬರುತ್ತಿರಲಿಲ್ಲ, ಆದರೂ ಪುಸ್ತಕವನ್ನು ಕೈಗೆ ತೆಗೆದುಕೊಂಡು ಆ ಪುಟ ನೋಡಿದ. ಬೆರಳು ಮಡಿಚಿ ಲೆಕ್ಕ ಹಾಕಿದ, ಇನ್ನೊಮ್ಮೆ ಹಾಕಿದ. ಮಣ್ಣು ಮಾಡಿದ ದಿನವನ್ನು ಅವ್ವಾದ್ ಸರದಿಯೆಂದೇ ಎಣಿಸಿಬಿಟ್ಟಿದ್ದ. ಊರಿನ ಯಾವ ಹೆಣಕ್ಕೂ ತಪ್ಪದ ದಿನ ತನ್ನ ಹೆಂಡತಿಗೇ ತಪ್ಪಿತ್ತು. ತಪ್ಪಿಸಿದವನು ಬೇರೆ ಯಾರೂ ಅಲ್ಲ. ಸಿತ್ತ್ ಎದ್ನಾಗೆ ಆಗ ತಿಳಿಯಿತು, ಕೇಳಬಾರದ್ದನ್ನು ಕೇಳಿದೆ ಎಂದು. ಪಾಪ, ಅವಳ ತಪ್ಪೇನಿದೆ.

ಅಲ್ಲಿಂದ ನೇರ ಸಬ್ಹಾಳ ಹೊಲಕ್ಕೆ ಹೋದ. ಮೇಲಿನ ಎರಡು ಮೆಟ್ಟಿಲಿನ ಸಸಿಗಳೆಲ್ಲ ಒಣಗಿ ಕಡ್ಡಿಯಾಗಿದ್ದವು. ಹದಿನಾರು ದಿನ ನೀರಿಲ್ಲದೆ ಎಳೆ ಬದನೆ ಉಳಿಯುತ್ತದೆಯೇ? ಕೆಳಗಿನ ಎರಡನ್ನು ಅವಳು ಕುಡಿಯುವ ನೀರಿನ ಕೊಡ ಹೊತ್ತು ಹೊತ್ತು ಒಂದಿಷ್ಟು ಉಳಿಸಿಕೊಂಡಿದ್ದಳು. ಈಗ ಕಾಲುವೆಗೆ ಮಣ್ಣು ಎಳೆಯುತ್ತ, ಉಳಿದವಕ್ಕೆ ನೀರು ತಿರುಗಿಸುತ್ತಿದ್ದಳು.

"ಆವತ್ತು ಯಾಕ್ ಸುಮ್ನೆ ಹೋದೆ, ಸಬ್ಹಾ? ಲೆಕ್ಕ ತಪ್ಪಿತು ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ?"

ಅವಳು ಬಗ್ಗಿದವಳು ಏಳಲಿಲ್ಲ. "ನಿನ್ನ ಕಣ್ಣು ಎಲ್ಲೋ ಇತ್ತು ಅಣ್ಣಾ. ಬಿದ್ದೋನ ಮೇಲೆ ಹೇಗ್ ಕಲ್ಲಾಕ್ಲಿ?"

ಅವನು ಒಣಗಿದ ಸಾಲಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ನಾಳೆಯ ನೀರನ್ನು ನಿನಗೇ ಕೊಡಿಸುತ್ತೇನೆ ಎಂದ. ಸರಿಯಾದ ಲೆಕ್ಕ ಹಿಡಿದಿದ್ದರೆ ಅವ್ವಾದ್ ದಿನ ಬರಬೇಕಾದದ್ದು ಇವತ್ತಲ್ಲ, ನಾಳೆ. ಎಂಟು ಮನೆಯವರ ಮುಂದೆ ತಪ್ಪು ಒಪ್ಪಿಕೊಳ್ಳುತ್ತೇನೆ, ಬಷೀರ್ ಮನೆಯವರು ಒಂದು ದಿನ ಕಾಯಲಿ ಎಂದ. ಒಪ್ಪಿಕೊಂಡರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಲೆಕ್ಕ ತಪ್ಪಿದವನ ಕೈಯಲ್ಲಿ ಕೋಲು ಉಳಿಯುವುದಿಲ್ಲ.

ಸಬ್ಹಾ ಈಗ ನೆಟ್ಟಗೆ ನಿಂತಳು. "ಸತ್ತಿರೋ ಗಿಡಕ್ಕೆ ನಾಳೆ ನೀರ್ ಯಾಕೆ? ಬದುಕಿರೋದಕ್ಕೆ ಇವತ್ತಿಂದು ಸಾಕು. ನೀನು ಬಾಕಿ ಇಟ್ಟಿರೋದು ನಂಗಲ್ಲಣ್ಣ."

ಮಾರನೆಯ ಬೆಳಿಗ್ಗೆ ಕೊಳದ ಹತ್ತಿರ ಬಷೀರ್ ಮನೆಯವರು ಐದು ಜನ, ಬೇರೆ ಮನೆತನದವರು ನಾಲ್ಕಾರು ಜನ, ಕೊಡ ತಂದ ಹೆಂಗಸರು. ಶಹಾದೆ ಮೆಟ್ಟಿಲಿಳಿದ, ಆದರೆ ಕೋಲು ಊರಲಿಲ್ಲ. ಅಬೂ ತೌಫೀಕ್ ತೂಬಿನ ಹತ್ತಿರ ತೋಳು ಮಡಿಚಿ ನಿಂತಿದ್ದ. ಅವನ ಬಾಯಿ ಊರಿಗೇ ಗೊತ್ತು.

"ಕೂಗು ಮಾರಾಯ, ಬಿಸಿಲೇರ್ತಾ ಇದೆ. ಗಂಟ್ಲು ಕಟ್ತಾ?"

ಶಹಾದೆ ಹೇಳಿದ. ಹೆಂಡತಿಯನ್ನು ಮಣ್ಣು ಮಾಡಿದ ದಿನವನ್ನು ತಾನು ಲೆಕ್ಕದಿಂದ ಬಿಡಲಿಲ್ಲ, ಅದರಿಂದ ಸಬ್ಹಾಳ ನೀರು ಹೋಯಿತು, ಅವಳ ಬೆಳೆ ಹೋಯಿತು, ಆವತ್ತಿನಿಂದ ಎಲ್ಲರೂ ಒಂದು ದಿನ ಮುಂಚೆ ನೀರು ತೆಗೆದುಕೊಳ್ಳುತ್ತಿದ್ದೀರಿ ಎಂದ. ಯಾರೂ ಆಶ್ಚರ್ಯಪಡಲಿಲ್ಲ. ಹೆಂಗಸರು ನೆಲ ನೋಡಿದರು. ಊರಿಗೆ ಊರೇ ಒಂದು ವಾರದಿಂದ ಇದನ್ನು ಬಾಯಲ್ಲಿಟ್ಟುಕೊಂಡು ತಿರುಗುತ್ತಿತ್ತು ಎಂದು ಅವನಿಗೆ ಆಗ ಗೊತ್ತಾಯಿತು.

"ನಂಗ್ ಆವತ್ತೇ ಗೊತ್ತಿತ್ತು," ಎಂದ ಅಬೂ ತೌಫೀಕ್. ಅವನ ದನಿ ಇಳಿದಿತ್ತು. "ಹೆಂಡ್ತಿನ ಮಣ್ಣು ಮಾಡಿ ಬಂದೋನಿಗೆ ಏನಂತ ಹೇಳ್ಲಿ? ಮತ್ತೆ, ನೀರು ನಂಗೂ ಬೇಕಿತ್ತು. ದೇವ್ರ ಮುಂದೆ ಸುಳ್ಳು ಹೇಳಲ್ಲ."

ನಮ್ಮಲ್ಲಿ ಗಂಡಸರು ನಾಲ್ಕು ಜನರ ಎದುರಿಗೆ ಹೆಂಡತಿಯ ಹೆಸರು ಎತ್ತುವುದಿಲ್ಲ. ಮನೆಯವಳು ಎನ್ನುತ್ತಾರೆ, ಮಗನ ತಾಯಿ ಎನ್ನುತ್ತಾರೆ. ಸ್ವಂತ ಹೆಸರು ಬಾಗಿಲಿನ ಒಳಗಿನದ್ದು. ಶಹಾದೆ ದಿನಾ ಮನೆತನದ ಹೆಸರು ಕೂಗುವ ಹಾಗೆಯೇ ತಲೆಯೆತ್ತಿ, ಮೇಲಿನ ಹೊಲಗಳಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದ:

"ಇವತ್ತು ಹಿಲ್ವೆದು."

ಆ ಹೆಸರು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಅಬೂ ತೌಫೀಕ್ ತೂಬಿನ ಬಟ್ಟೆಯನ್ನು ಇನ್ನಷ್ಟು ಒಳಕ್ಕೆ ತುರುಕಿ, ಅಂಗೈಯಿಂದ ಒತ್ತಿ, ತಮ್ಮಂದಿರನ್ನು ಕರೆದುಕೊಂಡು ಹೊರಟ. ಶಹಾದೆ ಅವನನ್ನು ತಡೆದು ಕೋಲನ್ನು ಅವನ ಕೈಗಿಟ್ಟ. ನಾಳೆಯಿಂದ ನೀನೇ ನೋಡು ಎಂದ. ಇಟ್ಟುಕೋ, ನಿನ್ನನ್ನು ಯಾರೂ ಬಿಡು ಎನ್ನಲಿಲ್ಲ ಎಂದು ಇಬ್ಬರು ಮೂವರು ಹೇಳಿದರು. ಅವನು ತಲೆಯಾಡಿಸಿದ. ಮೂವತ್ತೊಂದು ವರ್ಷ ಲೆಕ್ಕ ಇಟ್ಟವನು ನಾನೊಬ್ಬನೇ ಎಂದುಕೊಂಡಿದ್ದೆ, ಅದೇ ದೊಡ್ಡ ತಪ್ಪು ಎಂದಷ್ಟೇ ಹೇಳಿದ. ಅದರ ಅರ್ಥ ಯಾರಿಗೂ ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೊಳ ಅಂಚಿನವರೆಗೆ ತುಂಬಿತು. ಆಮೇಲೆ ಕಟ್ಟೆ ದಾಟಿ, ಯಾರ ಹೊಲಕ್ಕೂ ಹೋಗದೆ, ಕಲ್ಲುಗಳ ನಡುವೆ ಹರಿದು ಕಣಿವೆಗಿಳಿಯಿತು. ಉರಿಬಿಸಿಲಿನ ತಿಂಗಳಲ್ಲಿ ಅಷ್ಟು ನೀರು ಸುಮ್ಮನೆ ಹೋಗುವುದನ್ನು ನೋಡಲು ಊರಿನವರಿಗೆ ಸಂಕಟ. ಆದರೂ ಯಾರೂ ತೂಬು ಮುಟ್ಟಲಿಲ್ಲ. ಶಹಾದೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ. ಸಾವಿನ ದಿನ ಅತ್ತಿರಲಿಲ್ಲ, ಸಂತಾಪದ ಮೂರು ದಿನವೂ ಅತ್ತಿರಲಿಲ್ಲ. ಈಗ ಹೆಗಲು ಅಲುಗಾಡುವಂತೆ ಅತ್ತ, ಯಾರು ನೋಡಿದರೂ ಮುಖ ಮುಚ್ಚಿಕೊಳ್ಳಲಿಲ್ಲ.

ಬಿಸಿಲು ಇಳಿಯುವಾಗ ಸಬ್ಹಾ ಕೊಡ ತಂದಳು. ತುಂಬಿಸಿ ಪಕ್ಕದಲ್ಲಿಟ್ಟು, ಒಂದು ಮೆಟ್ಟಿಲು ಕೆಳಗೆ ನಿಂತಳು.

"ಏಳಣ್ಣಾ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಮನೆಗ್ ಹೋಗು."

"ಹೋಗಿ?" ಎಂದ ಶಹಾದೆ.

ಅವಳು ಕೊಡವನ್ನು ಅಲ್ಲೇ ಬಿಟ್ಟು, ಅವನಿಂದ ಸ್ವಲ್ಪ ದೂರದಲ್ಲಿ ಅದೇ ಮೆಟ್ಟಿಲ ಮೇಲೆ ಕೂತಳು.