ಎಂಟೂವರೆಯ ಕ್ಲಾಸು

ಯಶೋಧರಾ ಮೇಡಂ ಅಂದರೆ ನನಗೆ ಆಗುತ್ತಿರಲಿಲ್ಲ. ಮುಚ್ಚಿಡುವುದೇನು, ಹೊಟ್ಟೆಕಿಚ್ಚು. ಕಡೂರಿನ ನಮ್ಮ ಹೈಸ್ಕೂಲಿನಲ್ಲಿ ಇಪ್ಪತ್ತಮೂರು ವರ್ಷ ಗಣಿತ ಹೇಳಿಕೊಟ್ಟವನು ನಾನು, ಓಂಕಾರೇಶ್. ಆಕೆ ಬಂದು ಬರೀ ನಾಲ್ಕು ವರ್ಷ. ಸಖರಾಯಪಟ್ಟಣದವಳು, ತಂದೆ ಕರಿಯಣ್ಣ ಲೈನ್‌ಮನ್ ಆಗಿದ್ದವರು. ಹಗಲು ಪಾಠ ಮಾಡುತ್ತಾ, ಬಸ್ಸಿನಲ್ಲಿ ಓದುತ್ತಾ ಎಂ.ಎಸ್ಸಿ. ಮುಗಿಸಿದ್ದಳು.

ಹೋದ ವರ್ಷ ಒಂದು ಖಾಸಗಿ ಕಾಲೇಜು ನಮ್ಮ ಆಡಳಿತ ಮಂಡಳಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಹತ್ತನೇ ಕ್ಲಾಸಿನ ಮಕ್ಕಳು ಡಿಗ್ರಿಯ ಒಂದು ಗಣಿತದ ಕೋರ್ಸನ್ನು ಇಲ್ಲೇ ಓದಿ ಪಾಸಾದರೆ, ಮುಂದೆ ಆ ಕಾಲೇಜಿನಲ್ಲಿ ಅದರ ಕ್ರೆಡಿಟ್ ಸಿಗುತ್ತದೆ, ಅದನ್ನು ಮತ್ತೆ ಓದಬೇಕಿಲ್ಲ. ಪಾಠ ಮಾಡುವವರಿಗೆ ತಿಂಗಳಿಗೆ ಐದು ಸಾವಿರ ಪ್ರೋತ್ಸಾಹಧನ. ಆದರೆ ಎಂ.ಎಸ್ಸಿ. ಇರಲೇಬೇಕು. ನನ್ನದು ಬಿ.ಎಸ್ಸಿ., ಬಿ.ಎಡ್. ಅಲ್ಲಿಗೆ ಮುಗಿಯಿತು ನನ್ನ ಕಥೆ.

ಆಕೆ ದಿನಾ ಮೊದಲ ಬಸ್ಸಿಗೆ ಬಂದು ಎಂಟೂವರೆಗೇ ಪಾಠ ಶುರು ಮಾಡುತ್ತಿದ್ದಳು. ಹದಿನಾಲ್ಕು ಮಕ್ಕಳು. ನನ್ನ ಮಗಳು ಭವ್ಯಳೂ ಅದರಲ್ಲಿ ಒಬ್ಬಳು.

"ಅಪ್ಪಾ, ನಮ್ ತೋಟದಲ್ಲಿ ಮರಕ್ಕೆಷ್ಟು ಕಾಯಿ ಅಂತ ಬರ್ಕೊಂಡ್ ಹೋಗಿದ್ನಲ್ಲ, ಅದ್ರಲ್ಲೇ ಮೇಡಂ ಸರಾಸರಿ ಹೇಳ್ಕೊಟ್ರು. ಎಷ್ಟ್ ಚೆನ್ನಾಗ್ ಹೇಳ್ತಾರೆ ಗೊತ್ತಾ!"

ಇಷ್ಟು ವರ್ಷ ನಾನು ಹೇಳಿಕೊಟ್ಟಿದ್ದು ಇವಳ ಕಿವಿಗೆ ಬಿದ್ದೇ ಇರಲಿಲ್ಲವೇನೋ! ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನಮ್ಮಲ್ಲಿ ಹಾಜರಿ ಪುಸ್ತಕ ಬೀರುವಿನಲ್ಲಿರುತ್ತದೆ, ಬೀಗದ ಕೈ ನನ್ನ ಹತ್ತಿರ. ಒಂಬತ್ತೂಮುಕ್ಕಾಲಿಗೆ ತೆಗೆಯುತ್ತೇನೆ, ಎಲ್ಲರೂ ಸಹಿ ಹಾಕಿ, ಸಹಿ ಹಾಕಿದ ಸಮಯ ಬರೆಯುತ್ತಾರೆ. ಅಷ್ಟು ಹೊತ್ತಿಗೆ ಆಕೆಯ ಒಂದು ಪಾಠವೇ ಮುಗಿದಿರುತ್ತಿತ್ತು. ಆದರೂ ಎಲ್ಲರಂತೆ ಒಂಬತ್ತೂಮುಕ್ಕಾಲು ಎಂದೇ ಬರೆಯುತ್ತಿದ್ದಳು.

ಜನವರಿಯಲ್ಲಿ ಕಾಲೇಜಿನಿಂದ ಪತ್ರ ಬಂತು: ಹಾಜರಿ ಪುಸ್ತಕ ನೋಡಿ ಪಾಠದ ಗಂಟೆಗಳನ್ನು ದೃಢೀಕರಿಸಿ. ಹೆಡ್‌ಮಾಸ್ಟರ್ ರಜೆಯಲ್ಲಿದ್ದರು, ಪ್ರಭಾರ ನನ್ನದು. 'ಒಂಬತ್ತೂಮುಕ್ಕಾಲಿಗಿಂತ ಮೊದಲು ಶಿಕ್ಷಕಿ ಬಂದ ದಾಖಲೆಯಿಲ್ಲ' ಎಂದು ಬರೆದು ಸೀಲು ಒತ್ತಿದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವತ್ತು ಹೊಟ್ಟೆ ತುಂಬಾ ಉಂಡೆ.

ವಾರದಲ್ಲಿ ಉತ್ತರ ಬಂತು. ಪ್ರೋತ್ಸಾಹಧನ ನಿಂತಿತು. ಪಾಠವೇ ನಡೆದಿಲ್ಲವಾದ್ದರಿಂದ ಹದಿನಾಲ್ಕು ಮಕ್ಕಳೂ ಪರೀಕ್ಷೆಗೆ ಕೂರುವಂತಿಲ್ಲ ಎಂದೂ ಬರೆದಿದ್ದರು. ಅಯ್ಯೋ, ಅದು ನನಗೆ ಹೊಳೆದೇ ಇರಲಿಲ್ಲ! ಮನೆಯಲ್ಲಿ ಭವ್ಯ ಅತ್ತೂ ಅತ್ತೂ ಊಟ ಬಿಟ್ಟಳು.

ಮಾರನೆಯ ದಿನ ಮೇಡಂ ನನ್ನ ಮೇಜಿನ ಹತ್ತಿರ ಬಂದಳು. ಬೈಯಲಿಲ್ಲ.

"ಸಾರ್, ನನ್ ದುಡ್ಡು ಹೋದ್ರೆ ಹೋಗ್ಲಿ. ಮಕ್ಳು ಪರೀಕ್ಷೆ ಬರೀಲಿ. ಬೀರು ಬೀಗ ಎಷ್ಟೊತ್ತಿಗೆ ತೆಗೀತೀರಾ ಅಂತ ನಿಮ್ಗೇ ಗೊತ್ತಲ್ಲ?"

ಮುಖಕ್ಕೆ ಹೊಡೆದಂತಾಯಿತು. ಅಲ್ಲೇ ಕೂತು ಎರಡನೇ ಪತ್ರ ಬರೆದೆ: ಬೀಗ ನನ್ನದು, ತಪ್ಪೂ ನನ್ನದು, ಪಾಠ ದಿನಾ ಎಂಟೂವರೆಗೇ ನಡೆದಿದೆ, ನನ್ನ ಮಗಳೂ ಅದರಲ್ಲಿ ಕೂತಿದ್ದಾಳೆ. ಬಸ್ಸು ಹತ್ತಿ ಹೋಗಿ ಕೈಯಾರೆ ಕೊಟ್ಟು ಬಂದೆ. ಪರೀಕ್ಷೆ ನಡೆಯಿತು. ಆಕೆಯ ಹಣವೂ ಬಂತು.

ಫಲಿತಾಂಶದ ದಿನ ಭವ್ಯ ಕುಣಿಯುತ್ತಾ ಬಂದಳು. "ಅಪ್ಪಾ, ನೀನ್ ಹೋಗಿ ಸರಿ ಮಾಡಿಸ್ದೇ ಇದ್ದಿದ್ರೆ ನಾವ್ಯಾರೂ ಪಾಸಾಗ್ತಿರ್ಲಿಲ್ವಂತೆ. ಮೇಡಂ ಎಲ್ರ ಮುಂದೆ ಹೇಳಿದ್ರು. ಎಲ್ರೂ ಚಪ್ಪಾಳೆ ಹೊಡೆದ್ರು ಕಣಪ್ಪಾ!"

ಮೊದಲ ಪತ್ರ ಬರೆದವನು ಯಾರೆಂದು ಆಕೆ ಯಾರಿಗೂ ಹೇಳಿರಲಿಲ್ಲ. ಅಷ್ಟು ದೊಡ್ಡ ಮನಸ್ಸು ಎಲ್ಲಿಂದ ಬಂತೋ ಆಕೆಗೆ! ಅದಕ್ಕೂ ನನಗೆ ಹೊಟ್ಟೆ ಉರಿಯಿತು.