ಜೋಳ ಬೀಸಲು ಹಾಲೆಂಡಿಗೆ

ಕತಾರಿನ ದೋಹಾ ಅಲ್ ಜದೀದಾದ ಒಂದು ಕಿರಾಣಿ ಅಂಗಡಿಯಲ್ಲಿ ಈಚೆಗೆ ಹಿಟ್ಟು ಬೀಸುವ ಸಣ್ಣ ಯಂತ್ರ ಇಟ್ಟಿದ್ದಾರೆ. ಮೊನ್ನೆ ಅಕ್ಕಿ ಬೀಸಿಸಲು ಹೋದಾಗ ನನ್ನ ಮುಂದಿದ್ದವರ ಜೋಳ ಬೀಸುತ್ತಿದ್ದರು. ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ನಾನು ಕರಾವಳಿಯ ಬ್ಯಾರಿ ಹೆಂಗಸು, ಅಕ್ಕಿ ರೊಟ್ಟಿಯವಳು. ಜೋಳದ ವಾಸನೆಗೆ ನನಗೆ ನನ್ನ ಊರು ನೆನಪಾಗುವುದಿಲ್ಲ. ನೆನಪಾದದ್ದು ಹಿಂದೆ ಪಕ್ಕದ ಮನೆಯಲ್ಲಿದ್ದ ಅಕ್ಕ…

ಮನೆ ಎನ್ನುವುದು ಬಾಯಿಮಾತಿಗೆ. ಮದೀನತ್ ಖಲೀಫಾದ ಒಂದು ಹಳೆಯ ವಿಲ್ಲಾಕ್ಕೆ ಜಿಪ್ಸಮ್ ಹಲಗೆಗಳನ್ನು ಹೊಡೆದು ನಾಲ್ಕಾರು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಆಚೆ ಅವರು ಸೀನಿದರೆ ಈಚೆ ನಾವು ಬೆಚ್ಚಿಬೀಳುತ್ತಿದ್ದೆವು. ನನಗಾಗ ಮದುವೆಯಾದ ಹೊಸತು. ಗಂಡ ಡ್ಯೂಟಿಗೆ ಹೋದರೆ ಸಂಜೆಯವರೆಗೆ ನಾನು ಮತ್ತು ಎಸಿಯ ಸದ್ದು, ಇಬ್ಬರೇ. ಹೊರಗೆ ಕಾಲಿಟ್ಟರೆ ಸುಡುವ ಬಿಸಿಲು. ಅಕ್ಕ ಇಲ್ಲದಿದ್ದರೆ ನನಗೆ ಹುಚ್ಚೇ ಹಿಡಿಯುತ್ತಿತ್ತು.

ಅವರು ಗದಗದ ಕಡೆಯವರು. ಅವರ ಯಜಮಾನರು ಸಣ್ಣದೊಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಮ್ಯಾನೇಜರು. ಪಾಲುದಾರರು ಜಗಳವಾಡಿ ಕೋರ್ಟಿಗೆ ಹೋದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರಲ್ಲ, ಇಲ್ಲಿ ಬಡವಾದದ್ದು ಮ್ಯಾನೇಜರು. ಕಾಗದಗಳಲ್ಲಿ ಸಹಿ ಅವರದು, ಹಾಗಾಗಿ ಕೇಸು ಮುಗಿಯುವವರೆಗೆ ದೇಶ ಬಿಡುವ ಹಾಗಿಲ್ಲ ಎಂದಾಯಿತು. ಅವರ ಇಕಾಮಾ, ಅಂದರೆ ವಾಸದ ಪರವಾನಗಿಯ ನವೀಕರಣ ನಿಂತಿತು, ಅದನ್ನೇ ನೆಚ್ಚಿಕೊಂಡಿದ್ದ ಅಕ್ಕನದೂ ನಿಂತಿತು. ಅಕ್ಕ ಒಬ್ಬರೇ ಹೋಗಬಹುದಿತ್ತು. ಆದರೆ ಹೋದರೆ ಮತ್ತೆ ಒಳಗೆ ಬರಲು ಆಗುತ್ತಿರಲಿಲ್ಲ. ಯಜಮಾನರಿಗೆ ಸಕ್ಕರೆ ಕಾಯಿಲೆ. ಆ ದೊಡ್ಡ ಮನುಷ್ಯನಿಗೆ ಸೂಜಿ ಕಂಡರೆ ಕೈ ನಡುಗುತ್ತಿತ್ತು. ದಿನವೂ ಅಕ್ಕನೇ ಚುಚ್ಚಬೇಕು.

ಇಂಥ ಹೊತ್ತಿನಲ್ಲೇ ಹಾಲೆಂಡಿನಲ್ಲಿದ್ದ ಮಗಳು ಬಸುರಿಯಾದಳು. ಚೊಚ್ಚಲ ಬಾಣಂತನ ತಾಯಿಯದೇ ಎನ್ನುವುದು ಅವರ ಕಡೆಯೂ ನಮ್ಮ ಕಡೆಯೂ ಒಂದೇ. ಮೊದಮೊದಲು ಪ್ರತಿ ಶುಕ್ರವಾರ ಫೋನಿನಲ್ಲಿ ಮಗಳು, “ಯಾವಾಗ ಬರ್ತಿ ಅವ್ವಾ?” ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ತಾಯಿಯ ಮನಸ್ಸನ್ನು ಬೇರೆಡೆಗೆ ತಿರುಗಿಸಲೋ ಏನೋ, ಒಮ್ಮೆ ಅಲ್ಲಿಯ ಹಳೆಯ ಗಾಳಿಗಿರಣಿಗಳ ಫೋಟೋ ಕಳಿಸಿ, ನೀನು ಬಂದ ಮೇಲೆ ಒಂದು ದಿನ ಹೋಗಿಬರೋಣ ಎಂದಳು.

ಅಕ್ಕನ ತವರಿನವರದು ಹಿಟ್ಟಿನ ಗಿರಣಿ. ಫೋಟೋ ನೋಡಿದ್ದೇ ತಡ, ಯೋಜನೆ ಸಿದ್ಧವಾಯಿತು. ಇಲ್ಲಿಂದ ಜೋಳ ಒಯ್ಯುವುದು, ಗಾಳಿಗಿರಣಿಯಲ್ಲಿ ಬೀಸಿಸುವುದು, ಬಾಣಂತಿಗೆ ಬಿಸಿ ರೊಟ್ಟಿ ಬಡಿದು ಹಾಕುವುದು. ಪ್ಯಾಕೆಟ್ಟಿನ ಹಿಟ್ಟು ಹಳತಾಗಿ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ ಎಂಬುದು ಅವರ ಗಲ್ಫ್ ವಾಸದ ದೊಡ್ಡ ತಕರಾರಾಗಿತ್ತು.

ಮುಂದಿನ ಶುಕ್ರವಾರ ಮಗಳು ನಗುತ್ತ ಹೇಳಿದಳು: “ಅವ್ವಾ, ಆ ಫೋಟೋದಾಗಿನ್ವು ನೀರ ಎತ್ತೂವು. ಇನ್ನೊಂದ ಕಡೆ ಅದಾವು, ಅಲ್ಲಿ ಬಣ್ಣ ಬೀಸ್ತಾರ.”

“ಬಣ್ಣ ಬೀಸಿದ ಕಲ್ಲಿಗೆ ಬಾಣಂತಿ ಜ್ವಾಳ ಹಾಕ್ತಾರೇನ? ಖಾರ ಬೀಸಿದ ಹಿಂದ ಜ್ವಾಳ ಹಾಕಿದ್ರ ನಿಮ್ಮಜ್ಜ ಗಿರಣಿ ಬಂದ್ ಮಾಡಿ ಬೈತಿದ್ದ!”

“ಬಣ್ಣದ ರೊಟ್ಟಿ ಚಂದ ಇರ್ತದೆ ಮಾರಾಯ್ರೆ” ಎಂದು ನಾನು ಕಿಚಾಯಿಸಿದೆ. ಅಕ್ಕ ನನ್ನ ತಲೆಗೆ ಮೊಟಕಿದರು.

ಮಗಳೂ ಹಟದವಳೇ. ದೊಡ್ಡ ಹೊಟ್ಟೆ ಹೊತ್ತುಕೊಂಡು ಹೋಗಿ, ಇನ್ನೂ ಗೋಧಿ ಬೀಸುವ ಹಳೆಯ ಗಿರಣಿಯೊಂದನ್ನು ಹುಡುಕಿದಳು. ಅಲ್ಲಿಯ ಮುದುಕ ನಕ್ಕು ಒಪ್ಪಿದನಂತೆ, ಆದರೆ ಗಾಳಿ ಇದ್ದ ದಿನ ಬರಬೇಕು ಎಂದನಂತೆ.

“ನಮ್ಮೂರಾಗ ಕರೆಂಟ್ ಬರೂತನಾ ಕುಂದರ್ತಿದ್ವಿ. ಅಲ್ಲಿ ಗಾಳಿ ಬರೂತನಾ ಕುಂದ್ರೂಣು, ಅದಕ್ಕೇನ” ಎಂದರು ಅಕ್ಕ.

ಅಷ್ಟರಲ್ಲಿ ಅವರಿಗೇ ಹೊಳೆಯಿತು. ಬಾಣಂತಿಗೆ ಗಾಳಿ ಬಡಿಯಬಾರದು! ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ ಕೋಣೆಯಲ್ಲಿ ಕೂರಿಸಬೇಕಾದವಳನ್ನು ಗಾಳಿಗಿರಣಿಗೆ ಕರೆದೊಯ್ಯುವುದೇ? ಹಾಗಾದರೆ ಹೆರಿಗೆಗೆ ಮುಂಚೆಯೇ ಹೋಗಿಬರಬೇಕು. ಅಂದಿನಿಂದ ಕೋರ್ಟಿನ ಪ್ರತಿ ತಾರೀಖಿಗೂ ನಾವು ದಿನ ಎಣಿಸತೊಡಗಿದೆವು. ಯಜಮಾನರು ಬಂದು ಶೂ ಬಿಚ್ಚುವ ಸದ್ದಿನಲ್ಲೇ ನನಗೆ ಗೋಡೆಯಾಚೆಯ ಸುದ್ದಿ ತಿಳಿಯುತ್ತಿತ್ತು. ಪ್ರತಿ ಸಲವೂ ಮುಂದಿನ ತಿಂಗಳು. ಅಕ್ಕ ಒಯ್ಯಲೆಂದು ಕೊಂಡಿಟ್ಟ ಜೋಳಕ್ಕೆ ನುಸಿ ಹಿಡಿಯದಂತೆ ತಾರಸಿಯಲ್ಲಿ ಒಣಗಿಸಿ, ಕೇರಿ, ಮತ್ತೆ ಕಟ್ಟಿಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಿರದ ಸಿಟ್ಟು…

ಹೆರಿಗೆಯ ದಿನ ಮಗುವಿನ ಅಳು ನಮ್ಮ ಕೋಣೆಗೂ ಕೇಳಿತು. ಫೋನಿನೊಳಗಿಂದ, ಜಿಪ್ಸಮ್ ಹಲಗೆ ದಾಟಿ. ನಾನು ಓಡಿದೆ. ಅಕ್ಕ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು, ಕಿವಿಗೆ ಹತ್ತಿ ಹೇಗೆ ಇಡಬೇಕು, ಹೊಟ್ಟೆಗೆ ಬಟ್ಟೆ ಹೇಗೆ ಸುತ್ತಬೇಕು ಎಂದು ಅಳಿಯನಿಗೆ ಹೇಳಿಕೊಡುತ್ತಿದ್ದರು. ಆ ಹುಡುಗ ಪಾಪ, ಅಡ್ಡಾದಿಡ್ಡಿ ಸುತ್ತುತ್ತಿದ್ದ. ಇವರ ಕೈಗಳು ಗಾಳಿಯಲ್ಲೇ ಬಟ್ಟೆಯ ಗಂಟು ಬಿಗಿಯುತ್ತಿದ್ದವು. ಫೋನ್ ಇಟ್ಟ ಮೇಲೆ ನನ್ನನ್ನು ನೋಡಿದರು.

“ಬಾಗ್ಲಾ ತಗದ ಐತಿ ನೋಡವ್ವಾ. ಯಾರೂ ಕೀಲಿ ಹಾಕಿಲ್ಲ. ಆದ್ರೂ ಹೋಗಾಕ ಬರಂಗಿಲ್ಲ” ಎಂದರು. ಆಮೇಲೆ ಯಜಮಾನರಿಗೆ ಸೂಜಿ ಹಾಕುವ ಹೊತ್ತಾಯಿತೆಂದು ಎದ್ದರು.

ಕೇಸು ಮುಗಿದಾಗ ಮಗು ಮಾತಾಡುತ್ತಿತ್ತು. ಇಕಾಮಾ ಇಲ್ಲದ್ದರಿಂದ ಇಬ್ಬರೂ ನೇರ ಇಂಡಿಯಾಕ್ಕೇ ಹೋಗಬೇಕಾಯಿತು. ಅಲ್ಲಿಂದಲೇ ವೀಸಾ ಮಾಡಿಸಿಕೊಂಡು ಬಾ ಎಂದು ಮಗಳು ಅಂಗಲಾಚಿದಳು. “ಈಗ ಬಂದ ಏನ ಮಾಡ್ಲಿ? ಬಾಣಂತಿ ಎಲ್ಲದಾಳ?” ಎಂದು ಅಕ್ಕ ನಕ್ಕರು. ಊರು ಸೇರಿದ ಮೇಲೆ ಯಜಮಾನರ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್. ಫೋನ್ ಮಾಡಿದಾಗಲೆಲ್ಲ ನಾನು ಪ್ರಯಾಣದ ಮಾತೆತ್ತುತ್ತಿದ್ದೆ, ಅವರು “ನೋಡೂಣು” ಎನ್ನುತ್ತಿದ್ದರು. ಬರಬರುತ್ತ ನಾನೂ ಆ ಮಾತೆತ್ತುವುದನ್ನು ಬಿಟ್ಟೆ…

ಯಜಮಾನರಿಗಿಂತ ಮೊದಲು ಅಕ್ಕನೇ ಹೋದರು. ನಾವೀಗ ಅಲ್ ಗರಾಫಾದಲ್ಲಿದ್ದೇವೆ, ಇಟ್ಟಿಗೆ ಗೋಡೆಯ ಮನೆ, ಪಕ್ಕದವರ ಸದ್ದು ಕೇಳಿಸುವುದಿಲ್ಲ. ಸುದ್ದಿ ಹೇಳಲು ಮಗಳು ಹಾಲೆಂಡಿನಿಂದ ಫೋನ್ ಮಾಡಿದಳು. ಅಳುತ್ತಲೇ ಒಂದು ಮಾತು ಹೇಳಿದಳು. ಅಜ್ಜಿ ಇನ್ನಿಲ್ಲ ಎಂದಾಗ ಮಗು, “ಕತಾರಿನವರು ಕೊನೆಗೂ ಬಿಡಲಿಲ್ಲವಾ?” ಎಂದು ಕೇಳಿತಂತೆ. ಅಕ್ಕ ಈ ದೇಶ ಬಿಟ್ಟು ವರ್ಷಗಳೇ ಆಗಿದ್ದವು. ಅಜ್ಜಿ ಯಾಕೆ ಬರುವುದಿಲ್ಲ ಎಂದು ಆ ಮಗು ಕೇಳಿದಾಗಲೆಲ್ಲ ಮಗಳು ಮಾತ್ರ ಅದೇ ಹಳೆಯ ಉತ್ತರ ಹೇಳುತ್ತ ಬಂದಿದ್ದಳಂತೆ.